ಹುಲ್ಲಿನ ಜೊತೆ ಹೊಟ್ಟೆಗೆ ಹೋಗುವ ಮಣ್ಣು

ನಮಸ್ಕಾರ. ನಿಮ್ಮ ಮನೆಯ ಹಸು ದಿನಕ್ಕೆ ಎಷ್ಟು ಮಣ್ಣು ತಿನ್ನುತ್ತದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಬೇಣದಲ್ಲಿ ಮೇಯುವ ದನ ತಿನ್ನುವ ಮೇವಿನಲ್ಲಿ, ಒಣ ತೂಕದ ಲೆಕ್ಕ ಹಿಡಿದರೆ, 100ಕ್ಕೆ 5ರಿಂದ 10 ಪಾಲು ಮಣ್ಣೇ ಇರಬಹುದು. ದಿನಕ್ಕೆ 8 ಕಿಲೋ ಒಣ ಮೇವು ತಿನ್ನುವ ಜರ್ಸಿ ಹಸುವಿಗೆ ಅರ್ಧ ಕಿಲೋ ಮಣ್ಣು ಆರಾಮಾಗಿ ಆಯಿತು. ಏಪ್ರಿಲ್, ಮೇ ತಿಂಗಳಲ್ಲಿ ಹುಲ್ಲು ನೆಲಕ್ಕೆ ಅಂಟಿರುತ್ತದೆ, ದನ ಬೇರು ಸಮೇತ ಕಿತ್ತು ತಿನ್ನುತ್ತದೆ, ಆಗ ಇನ್ನೂ ಜಾಸ್ತಿ. ಜೂನ್‌ನಲ್ಲಿ ಮಳೆ ಹೊಡೆದು ಕೆಸರೆಲ್ಲ ಹುಲ್ಲಿನ ಮೇಲೆ ಸಿಡಿಯುತ್ತದೆ, ಅದೂ ಹೊಟ್ಟೆಗೇ.

ಒಳ್ಳೆ ಮಣ್ಣಾದರೆ ತೊಂದರೆಯಿಲ್ಲ, ಸಗಣಿಯಲ್ಲಿ ಹೋಗುತ್ತದೆ. ಸೀಸ ಸೇರಿದ ಮಣ್ಣಾದರೆ ಕಥೆ ಬೇರೆ. ಸೀಸ ಬೇರಿನಿಂದ ಎಲೆಗೆ ಹತ್ತುವುದು ತೀರಾ ಕಮ್ಮಿ. ಹಾಗಾಗಿ ಹುಲ್ಲು ತೊಳೆದು ಪರೀಕ್ಷೆ ಮಾಡಿದರೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹಸು ಹುಲ್ಲು ತೊಳೆದು ತಿನ್ನುವುದಿಲ್ಲ, ಅಲ್ವಾ?

ನಮ್ಮಲ್ಲಿ ಸೀಸ ಎಲ್ಲಿಂದ ಬರುತ್ತದೆ? ಹಳೇ ಬ್ಯಾಟರಿ. ಲಾರಿಯದ್ದು, ಬೋಟಿನದ್ದು, ಮನೆಯ ಇನ್ವರ್ಟರ್‌ದ್ದು. ಕೊಟ್ಟಿಗೆ ಹಿಂದೆ ಸುಮ್ನೆ ಬಿಸಾಕಿರುತ್ತೇವೆ, ಅದು ಒಡೆದು ಒಳಗಿನ ಪುಡಿ ಮಣ್ಣಿಗೆ ಸೇರುತ್ತದೆ, ದನಕ್ಕೆ ಅದರ ರುಚಿ ಹತ್ತಿದರೆ ನೆಕ್ಕುತ್ತಲೇ ಇರುತ್ತದೆ. ಕರಾವಳಿಯವರಿಗೆ ಇನ್ನೊಂದು ಮಾತು. ಹಳೇ ದೋಣಿ ಕೆರೆದಾಗ ಬೀಳುವ ಬಣ್ಣದ ಸಿಪ್ಪೆ ಇರುವ ಜಾಗದಲ್ಲಿ ದನ ಕಟ್ಟಬೇಡಿ. ಹಳೇ ಬಣ್ಣದಲ್ಲಿ ಸೀಸ ಇರುತ್ತಿತ್ತು.

ಮೊದಲು ಬೀಳುವುದು ಕರು. ಹಾಲು ಕುಡಿಯುವ ಕರುವಿನ ಕರುಳು ಸೀಸವನ್ನು ಬೇಗ ಹೀರಿಕೊಳ್ಳುತ್ತದೆ. ಮೇವು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಕಣ್ಣು ಕಾಣದೆ ಗೋಡೆಗೆ ಹೋಗಿ ತಲೆ ಒತ್ತಿ ನಿಲ್ಲುತ್ತದೆ, ಮೈ ನಡುಗುತ್ತದೆ, ಕೆಲವು ಸಲ ಒಂದೆರಡು ದಿನದಲ್ಲೇ ಸಾಯುತ್ತದೆ. ನೋಡಿದವರು ಹುಚ್ಚುನಾಯಿ ಕಚ್ಚಿದೆ ಅನ್ನುತ್ತಾರೆ. ಅದೂ ಇರಬಹುದು, ಆದ್ದರಿಂದ ಬರಿಗೈಯನ್ನು ಕರುವಿನ ಬಾಯಿಗೆ ಹಾಕಲೇಬೇಡಿ. ದೊಡ್ಡ ದನದಲ್ಲಿ ಸೀಸದ ಚೂರು ಹೊಟ್ಟೆಯ ಎರಡನೇ ಚೀಲದಲ್ಲಿ ಕೂತು ತಿಂಗಳುಗಟ್ಟಲೆ ಕರಗುತ್ತಿರುತ್ತದೆ. ರಕ್ತಕ್ಕೆ ಬಂದದ್ದು ಮೂಳೆ ಸೇರುತ್ತದೆ, ಸ್ವಲ್ಪ ಹಾಲಿಗೂ ಬರುತ್ತದೆ. ಅಂಗಳ ಕೆದಕುವ ಕೋಳಿಯಾದರೆ ಮೊಟ್ಟೆಗೆ.

ಇನ್ನು ಶಿರಸಿ, ಸಿದ್ದಾಪುರದ ತೋಟದವರು. ಕೊಳೆಗೆ ಔಷಧಿ ಹೊಡೆಯದೆ ಅಡಿಕೆ ಉಳಿಯುವುದಿಲ್ಲ, ಗೊತ್ತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಅಂದ್ರೆ ತಾಮ್ರದ ಉಪ್ಪು, ವರ್ಷವರ್ಷವೂ. ಆ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಔಷಧಿ ಹೊಡೆದ ವಾರದಲ್ಲೇ ತೋಟದ ಹುಲ್ಲು ಕೊಯ್ದು ಕೊಟ್ಟಿಗೆಗೆ ತರುವವರಿದ್ದಾರೆ, ಇದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ದೊಡ್ಡ ಹಸು ತಡೆದುಕೊಂಡೀತು. ಕರು ತಡೆಯುವುದು ಕಷ್ಟ, ಕುರಿಗಂತೂ ತಾಮ್ರ ಆಗಿಬರುವುದೇ ಇಲ್ಲ. ತಾಮ್ರ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ, ಅಂದ್ರೆ ಲಿವರ್‌ನಲ್ಲಿ, ತಿಂಗಳುಗಟ್ಟಲೆ ಸದ್ದಿಲ್ಲದೆ ಸೇರುತ್ತದೆ. ಒಂದು ದಿನ ಲಾರಿಗೆ ಹತ್ತಿಸಿದ್ದೋ ಮಳೆಯಲ್ಲಿ ನೆನೆದದ್ದೋ ನೆಪವಾಗಿ ಎಲ್ಲ ಒಟ್ಟಿಗೆ ರಕ್ತಕ್ಕೆ ಬರುತ್ತದೆ. ಕಣ್ಣು ಹಳದಿ, ಉಚ್ಚೆ ಕಪ್ಪು ಕೆಂಪು. ಅಷ್ಟರಲ್ಲಿ ಬಹಳ ತಡವಾಗಿರುತ್ತದೆ.

ಹಸು ಬೇಕಂತಲೇ ಮಣ್ಣು ನೆಕ್ಕುತ್ತಿದ್ದರೆ ಬೈಯಬೇಡಿ. ನಮ್ಮ ಮಳೆ ಜಾಸ್ತಿ, ಜಂಬಿಟ್ಟಿಗೆ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ರಂಜಕ, ಅಂದ್ರೆ ಫಾಸ್ಫರಸ್, ಕಮ್ಮಿ, ಹುಲ್ಲಿನಲ್ಲೂ ಕಮ್ಮಿ. ಆ ಕೊರತೆಗೂ ದನ ಮಣ್ಣು ನೆಕ್ಕುತ್ತದೆ. ಜಂತುಹುಳಕ್ಕೆ ಔಷಧಿ ಹಾಕಿಸಿ, ದಿನಾ 30ರಿಂದ 50 ಗ್ರಾಂ ಖನಿಜ ಮಿಶ್ರಣವನ್ನು ಹಿಂಡಿಯಲ್ಲಿ ಕಲಸಿ ಕೊಡಿ. ಕುರಿಗೆ ಮಾತ್ರ ದನದ ಮಿಶ್ರಣ ಬೇಡ, ಅದರಲ್ಲೂ ತಾಮ್ರ ಇರುತ್ತದೆ.

ಅನುಮಾನ ಬಂದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಡಾಕ್ಟರು ಬಂದಾಗ ಬ್ಯಾಟರಿ ಬಿದ್ದಿದ್ದ ಜಾಗ ತೋರಿಸಿ, ನಾಚಿಕೆ ಬೇಡ. ಅಲ್ಲೇ ಮೇಯ್ದ ಉಳಿದ ದನಗಳ ರಕ್ತವನ್ನೂ ಪರೀಕ್ಷೆಗೆ ಕಳಿಸಲು ಹೇಳಿ. ವರದಿ ಬರುವವರೆಗೆ ಆ ಹಾಲು ಡೇರಿಗೂ ಬೇಡ, ಮನೆಗೂ ಬೇಡ.