ಮರ ಕೆಳಗಿಳಿಯಿತು, ಬೊಡ್ಡೆ ಉಳಿಯಿತು

ಹಿತ್ತಲಿನ ಈ ಮರವನ್ನು ಉಳಿಸಿಕೊಳ್ಳಬೇಕೆಂಬ ಆಸೆ ನನಗೆ ಬಹಳವಿತ್ತು. ಆದರೆ ಬುಡದಲ್ಲಿ ತೊಗಟೆಯನ್ನು ಸೀಳಿಕೊಂಡು ಬಂದಿರುವ ಈ ಗಟ್ಟಿ ಅಣಬೆಗಳನ್ನು ಹತ್ತಿರದಿಂದ ನೋಡಿ. ಒಳಗಿನ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ತಿರುಳು, ಕೊಳೆಯುತ್ತಿರುವುದಕ್ಕೆ ಇದು ಗುರುತು. ಸುತ್ತಿಗೆಯಿಂದ ತಟ್ಟಿದಾಗ ಬಂದ ಟೊಳ್ಳು ಸದ್ದು ನಿಮಗೂ ಕೇಳಿಸಿರಬೇಕು. ಮೇಲೆ ಎಲೆಗಳು ಹಸಿರಾಗಿರುವುದನ್ನು ನಂಬುವಂತಿಲ್ಲ, ಏಕೆಂದರೆ ನೀರು ಸಾಗಿಸುವುದು ತೊಗಟೆಗೆ ಹತ್ತಿರದ ಹೊರಪದರ. ಅದು ಚೆನ್ನಾಗಿದ್ದರೆ ತಿರುಳು ಕೊಳೆತ ಮರವೂ ಚಿಗುರುತ್ತಲೇ ಇರುತ್ತದೆ. ಮರ ಕಡಿಸಲು ಅನುಮತಿ ಪಡೆದು, ಹಕ್ಕಿಗೂಡುಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕೆಲಸದವರು ಹತ್ತಿದ್ದಾರೆ.

ಒಂದೊಂದು ತುಂಡನ್ನೂ ಹಗ್ಗ ಕಟ್ಟಿ ಇಳಿಸುವುದು ಅತಿಯಾದ ನಿಧಾನವೆಂದು ಬೆಳಿಗ್ಗೆ ನನಗೆ ಅನ್ನಿಸಿತ್ತು. ಈಗ ಆ ಅಭಿಪ್ರಾಯವಿಲ್ಲ. ಇಡೀ ಮರವನ್ನು ಒಮ್ಮೆಗೇ ಉರುಳಿಸಲು ಅದರ ಎತ್ತರಕ್ಕಿಂತ ಹೆಚ್ಚು ಉದ್ದದ ಖಾಲಿ ಜಾಗ ಬೇಕು, ಇಲ್ಲಿ ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಗೋಡೆ. 60 ಸೆಂಟಿಮೀಟರ್ ಅಡ್ಡಳತೆಯ, 1 ಮೀಟರ್ ಉದ್ದದ ಹಸಿ ದಿಮ್ಮಿ 200 ಕಿಲೋಗ್ರಾಂ ಮೀರಿ ತೂಗಬಲ್ಲದು. ಮೇಲಿನವರು ಕೊಂಬೆಯನ್ನು ಮೊದಲು ಅಡಿಯಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಗರಗಸ ಹಾಕುವುದನ್ನು ಗಮನಿಸಿ. ಹಾಗೆ ಮಾಡದಿದ್ದರೆ ಕೊಂಬೆ ಜೋತುಬಿದ್ದು, ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು, ಅಂದಾಜಿಗೆ ಸಿಗದ ದಿಕ್ಕಿಗೆ ಬೀಳುತ್ತದೆ.

ಇಷ್ಟೆಲ್ಲ ಚೆನ್ನಾಗಿ ಮಾಡಿದವರೇ ಸಂಜೆ ಸಾಮಾನು ಕಟ್ಟಿಕೊಂಡು ಹೊರಟಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಬೊಡ್ಡೆ ಅಲ್ಲೇ ಇತ್ತು. ಕೇಳಿದರೆ, ಮರ ತೆಗೆಯುವುದೆಂದರೆ ನೆಲಮಟ್ಟದವರೆಗೆ ಮಾತ್ರ, ಬೊಡ್ಡೆ ಪ್ರತ್ಯೇಕ ಕೆಲಸ, ಅದಕ್ಕೆ ಬೇರೆ ಯಂತ್ರ, ಬೇರೆ ದರ ಎಂಬ ಉತ್ತರ ಬಂತು. ಹಿತ್ತಲಿನ ಮರ ತೆಗೆಯಬೇಕೆಂದು ಕರೆದವರಿಗೆ ಬೊಡ್ಡೆಯೂ ಹೋಗಬೇಕೆಂಬ ನಿರೀಕ್ಷೆ ಸಹಜವಲ್ಲವೇ? ಬೊಡ್ಡೆ, ದಿಮ್ಮಿ ಸಾಗಣೆ, ರೆಂಬೆಗಳ ವಿಲೇವಾರಿ ಇವು ಮೂರೂ ದರದಲ್ಲಿ ಸೇರಿವೆಯೋ ಇಲ್ಲವೋ ಎಂಬುದನ್ನು ಹೇಳುವ ಹೊಣೆ ಕೆಲಸ ಬಲ್ಲವರದ್ದೇ, ಮರವನ್ನು ಮೊದಲ ಸಲ ಕಡಿಸುತ್ತಿರುವವರದ್ದಲ್ಲ. ಹಾಗೆಯೇ ಬಿಡೋಣವೆಂದರೆ ಅನೇಕ ಜಾತಿಯ ಮರಗಳ ಬೊಡ್ಡೆ ಮತ್ತೆ ಚಿಗುರುತ್ತದೆ. ಚಿಗುರದಿದ್ದರೂ ಅದು ತಾನಾಗಿ ಕೊಳೆಯಲು ವರ್ಷಗಳೇ ಬೇಕು.

ಯಂತ್ರ ಬಂದಿದೆ, ಸದ್ದಿಗೆ ಕ್ಷಮಿಸಿ. ಅದು ಬೊಡ್ಡೆಯನ್ನು ಕೀಳುವುದಿಲ್ಲ, ನೆಲಮಟ್ಟಕ್ಕಿಂತ ಕೆಳಗೆ ಸುಮಾರು 15ರಿಂದ 30 ಸೆಂಟಿಮೀಟರ್ ಆಳದವರೆಗೆ ಅರೆದು ಪುಡಿ ಮಾಡುತ್ತದೆ, ದೂರಕ್ಕೆ ಹರಡಿದ ಬೇರುಗಳು ಮಣ್ಣಿನಲ್ಲೇ ಉಳಿಯುತ್ತವೆ. ಈ ಪುಡಿಯನ್ನು ಗುಂಡಿಯಲ್ಲೇ ಮಣ್ಣಿನೊಂದಿಗೆ ಬೆರೆಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಬಳಸಿಕೊಂಡು ಹೊಸ ಗಿಡಕ್ಕೆ ಕೊರತೆ ಮಾಡುತ್ತವೆ. ಆದ್ದರಿಂದ ಪುಡಿಯನ್ನೆಲ್ಲ ಬಾಚಿ ತೆಗೆದು, ಒಳ್ಳೆಯ ಮಣ್ಣು ತುಂಬಿಸಿ, ಕೆಳಗಿನ ಬೇರು ಕೊಳೆತಂತೆ ನೆಲ ಕುಸಿಯುವುದೆಂದು ಸ್ವಲ್ಪ ಎತ್ತರವಾಗಿಯೇ ಏರಿಸಿದ್ದೇನೆ.