ಎಷ್ಟು ಬಳಸಿದರೆ ಯಾವ ಯೋಜನೆ ಅಗ್ಗ?

ಕೇಳುಗರಿಗೆ ನಮಸ್ಕಾರ. ಕೈಗೆಟುಕುವಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದುಕೊಳ್ಳಿ. ಇಲ್ಲದಿದ್ದರೂ ಚಿಂತೆಯಿಲ್ಲ, ಬಾಯಿಲೆಕ್ಕದಲ್ಲೇ ಮುಗಿಸಬಹುದು.

ಒಂದೇ ಸೇವೆಗೆ ಎರಡು ದರಯೋಜನೆಗಳಿವೆ ಎಂದುಕೊಳ್ಳೋಣ. ಮೊದಲನೆಯದಕ್ಕೆ ತಿಂಗಳಿಗೆ 240 ಸ್ಥಿರ ಶುಲ್ಕ, ಜೊತೆಗೆ ಬಳಸಿದ ಪ್ರತಿ ಗಂಟೆಗೆ 3. ಎರಡನೆಯದಕ್ಕೆ ಸ್ಥಿರ ಶುಲ್ಕ 60 ಮಾತ್ರ, ಆದರೆ ಗಂಟೆಗೆ 7. ಯಾವುದು ಅಗ್ಗ? 'ತಿಂಗಳಿಗೆ ಎಷ್ಟು ಗಂಟೆ ಬಳಸುತ್ತೇನೋ ನನಗೇ ಗೊತ್ತಿಲ್ಲ, ಲೆಕ್ಕ ಹಾಕಿ ಏನು ಪ್ರಯೋಜನ' ಎಂದು ಬಹಳ ಮಂದಿ ಕೈಬಿಡುವುದು ಇಲ್ಲೇ. ರೇಖಾತ್ಮಕ ಅಸಮತೆ, ಅಂದರೆ ಒಂದೇ ದರದಲ್ಲಿ ಏರುವ ಮೊತ್ತಗಳಲ್ಲಿ ಒಂದು ಇನ್ನೊಂದಕ್ಕಿಂತ ಕಡಿಮೆ ಅಥವಾ ಹೆಚ್ಚು ಎಂದು ಬರೆಯುವ ಹೇಳಿಕೆ, ನೆರವಿಗೆ ಬರುವುದೂ ಇಲ್ಲೇ. ನಿಮ್ಮ ಬಳಕೆ ಇಷ್ಟೇ ಎಂದು ಅದು ಕೇಳುವುದಿಲ್ಲ. ಒಂದು ಗಡಿಯ ಆಚೆಯೋ ಈಚೆಯೋ ಎಂದಷ್ಟೇ ಕೇಳುತ್ತದೆ.

ಗಂಟೆಗಳನ್ನು ಎಕ್ಸ್ ಎನ್ನೋಣ. ಮೊದಲ ಯೋಜನೆ ಅಗ್ಗವಾಗಬೇಕಾದರೆ 240 ಕೂಡಿಸು 3 ಎಕ್ಸ್ ಎಂಬುದು, 60 ಕೂಡಿಸು 7 ಎಕ್ಸ್‌ಗಿಂತ ಕಡಿಮೆ ಇರಬೇಕು. ಎರಡೂ ಕಡೆಯಿಂದ 60 ಕಳೆಯಿರಿ, 3 ಎಕ್ಸ್ ಕಳೆಯಿರಿ. ಉಳಿಯುವುದು: 180 ಎಂಬುದು 4 ಎಕ್ಸ್‌ಗಿಂತ ಕಡಿಮೆ. ಅಂದರೆ ಎಕ್ಸ್ 45ಕ್ಕಿಂತ ಹೆಚ್ಚು. ತಾಳೆ ನೋಡಿ: 40 ಗಂಟೆಗೆ ಮೊದಲನೆಯದು 360, ಎರಡನೆಯದು 340. 50 ಗಂಟೆಗೆ 390 ಮತ್ತು 410. ಸರಿಯಾಗಿ 45ಕ್ಕೆ ಎರಡೂ 375.

ಬಿಡಿಸುವಾಗ ಎಕ್ಸ್ ಪದಗಳನ್ನು ಎಡಕ್ಕೆ ತಂದವರಿಗೆ, ಋಣ 4 ಎಕ್ಸ್ ಎಂಬುದು ಋಣ 180ಕ್ಕಿಂತ ಕಡಿಮೆ ಎಂದು ಬರುತ್ತದೆ. ಈಗ ಋಣ 4ರಿಂದ ಭಾಗಿಸಿದರೆ 'ಕಡಿಮೆ' ಎಂಬುದು 'ಹೆಚ್ಚು' ಆಗಲೇಬೇಕು. 2 ಎಂಬುದು 5ಕ್ಕಿಂತ ಚಿಕ್ಕದು, ಆದರೆ ಋಣ 2 ಎಂಬುದು ಋಣ 5ಕ್ಕಿಂತ ದೊಡ್ಡದು. ಸೊನ್ನೆಯ ಆ ಬದಿಗೆ ದಾಟಿದಾಗ ಕ್ರಮವೇ ತಿರುಗುತ್ತದೆ. ಇದನ್ನು ಬರೀ ನಿಯಮವೆಂದು ಉರುಹೊಡೆಸುವುದು ನನಗೆ ಸರಿಕಾಣದು. ಈ ಕಾರಣ ತಿಳಿದ ವಿದ್ಯಾರ್ಥಿ ಚಿಹ್ನೆ ತಿರುಗಿಸಲು ಮರೆಯುವುದಿಲ್ಲ.

ಅಂದಹಾಗೆ, ಸಮ ಚಿಹ್ನೆಯನ್ನು ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲೇ ಅಚ್ಚಿಗೆ ತಂದ. ನಾವಿಂದು ಬಳಸುವ ಹೆಚ್ಚು, ಕಡಿಮೆ ಚಿಹ್ನೆಗಳು ಬಂದದ್ದು 1631ರಲ್ಲಿ, ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ತೀರಿಕೊಂಡ ಮೇಲೆ ಪ್ರಕಟವಾದ ಅವನ ಗ್ರಂಥದಲ್ಲಿ.

ಇನ್ನು ಬಳಕೆ ತಿಂಗಳಿಂದ ತಿಂಗಳಿಗೆ ಏರಿಳಿದರೆ? ಒಂದು ತಿಂಗಳು 30 ಗಂಟೆ, ಮುಂದಿನ ತಿಂಗಳು 70 ಎನ್ನಿ. ಮೊದಲ ಯೋಜನೆಯಲ್ಲಿದ್ದರೆ 30ರ ತಿಂಗಳು 60 ನಷ್ಟ, 70ರ ತಿಂಗಳು 100 ಲಾಭ. ಒಟ್ಟಿನಲ್ಲಿ 40 ಉಳಿತಾಯ. ಸರಾಸರಿ 50 ಗಂಟೆ, ಅದು 45ರ ಗಡಿ ದಾಟಿದೆ. ಎರಡೂ ವೆಚ್ಚಗಳು ತಮ್ಮ ತಮ್ಮ ಸ್ಥಿರ ದರದಲ್ಲಿ ಏರುವ ಸರಳರೇಖೆಗಳಾದ್ದರಿಂದ ಸರಾಸರಿಯನ್ನು ನೋಡಿಯೇ ತೀರ್ಮಾನಿಸಬಹುದು. ನನಗೆ ಈ ಗಣಿತದಲ್ಲಿ ಅತ್ಯಂತ ಪ್ರಿಯವಾದ ಭಾಗವಿದು.

ಆದರೆ 'ಮೊದಲ 20 ಗಂಟೆ ಉಚಿತ' ಎಂಬ ಷರತ್ತು ಸೇರಿದರೆ ರೇಖೆ ಅಲ್ಲಿ ಮುರಿಯುತ್ತದೆ. ಒಂದು ತಿಂಗಳು ಏನೂ ಬಳಸದೆ ಮುಂದಿನ ತಿಂಗಳು 40 ಗಂಟೆ ಬಳಸಿದವರ ಸರಾಸರಿಯೂ 20. ಸರಾಸರಿ ನೋಡಿದರೆ ಎಲ್ಲ ಉಚಿತ. ಬಿಲ್ಲಿನಲ್ಲಿ ಮಾತ್ರ 20 ಗಂಟೆಗೆ ಹಣ ಕಟ್ಟಬೇಕು. ಅಂಥ ಯೋಜನೆಗೆ 20ರವರೆಗೆ ಒಂದು ಅಸಮತೆ, ಅದರಾಚೆಗೆ ಇನ್ನೊಂದು ಬರೆದು, ಪ್ರತಿ ತಿಂಗಳನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ನಮಸ್ಕಾರ.