ಪೆನ್ಸಿಲ್ ಕೊಡುವ ಮೊದಲು ಕೈಗಿಷ್ಟು ಕೆಲಸ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ.

ಮಗುವಿಗೆ ಮೂರು ತುಂಬುತ್ತಿದ್ದ ಹಾಗೆ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ‘ಅ ಆ ಇ ಈ ಬರೀತಾನಾ?’ ಪಕ್ಕದ ಮನೆ ಮಗು ಆಗಲೇ ಬರೆಯುತ್ತದೆ ಅಂತ ಗೊತ್ತಾದರಂತೂ ಮುಗಿಯಿತು. ಮರುದಿನವೇ ಅಂಗಡಿಯಿಂದ ಕಾಪಿ ಪುಸ್ತಕ, ಪೆನ್ಸಿಲ್, ರಬ್ಬರ್ ಬರುತ್ತವೆ. ಸಂಜೆಯಾದರೆ ಟಿ.ವಿ. ಬಂದ್. ಮಗು ಅಳುತ್ತಾ, ದೊಡ್ಡವರು ಗದರುತ್ತಾ, ಕೈ ಹಿಡಿದು ತಿದ್ದಿಸುವುದು ನಡೆಯುತ್ತದೆ.

ನಾನು ಪುಟ್ಟ ಮಕ್ಕಳ ಜೊತೆ ಬಹಳ ಕಾಲ ಕೆಲಸ ಮಾಡಿದವಳು. ನೇರವಾಗಿ ಹೇಳಿಬಿಡುತ್ತೇನೆ. ಮೂರು ವರ್ಷದ ಮಗುವಿನ ಕೈ ಅಕ್ಷರ ಬರೆಯುವುದಕ್ಕೆ ಇನ್ನೂ ತಯಾರಾಗಿರುವುದಿಲ್ಲ. ಎಷ್ಟು ಗದರಿದರೂ ಮೂಳೆ ಬೇಗ ಬಲಿಯುವುದಿಲ್ಲ.

ಮೂಳೆ ಅಂತ ಸುಮ್ನೆ ಹೇಳಿದ್ದಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಅವು ಇನ್ನೂ ಮೆತ್ತಗಿರುತ್ತವೆ, ಮೂಗಿನ ತುದಿ ಮುಟ್ಟಿದರೆ ಕೈಗೆ ಸಿಗುತ್ತದಲ್ಲ, ಆ ತರಹದ್ದು. ಆಮೇಲೆ ಒಂದೊಂದಾಗಿ, ವರ್ಷಗಟ್ಟಲೆ ಸಮಯ ತೆಗೆದುಕೊಂಡು ಗಟ್ಟಿಯಾಗುತ್ತಾ ಹೋಗುತ್ತವೆ. ಕೊನೆಯದರ ಸರದಿ ಬರುವ ಹೊತ್ತಿಗೆ ಮಗು ಎಷ್ಟೋ ತರಗತಿ ದಾಟಿರುತ್ತದೆ. ಕೈಯ ಎಕ್ಸ್‌ರೇ ನೋಡಿ ಡಾಕ್ಟರು ಮಗುವಿನ ವಯಸ್ಸು ಅಂದಾಜು ಮಾಡುವಾಗ ಈ ಮೂಳೆಗಳನ್ನೂ ನೋಡುತ್ತಾರೆ.

ಕೈಗೆ ಹಿಡಿತ ಬರುವುದು ಭುಜದಿಂದ ಬೆರಳಿನ ಕಡೆಗೆ. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನೇ ಬೀಸುತ್ತದೆ. ಎರಡು, ಮೂರರ ಹೊತ್ತಿಗೆ ಬೆರಳುಗಳೆಲ್ಲ ಕೆಳಮುಖವಾಗಿ ಬಳಪದ ಮೇಲೆ ಕೂರುತ್ತವೆ, ಮೊಣಕೈಯಿಂದ ಗೆರೆ ಬರುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸೇರಿ ಪೆನ್ಸಿಲ್ ಹಿಡಿಯುವುದು ನಾಲ್ಕರ ಆಸುಪಾಸಿನಲ್ಲಿ. ಮಣಿಕಟ್ಟು ಅಲ್ಲಾಡದೆ ಬರೀ ಬೆರಳೇ ಆಡಿಸಿ ಬರೆಯುವುದಕ್ಕೆ ಐದು, ಆರು ಆಗಬೇಕು. ಗೆರೆಗಳೂ ಹಾಗೇ. ಮೊದಲು ನಿಂತ ಗೆರೆ, ಆಮೇಲೆ ಮಲಗಿದ ಗೆರೆ. ಮೂರಕ್ಕೆ ಸೊನ್ನೆ. ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು. ಚೌಕ, ತ್ರಿಕೋನ ಬರುವಾಗ ಐದರ ಹತ್ತಿರ. ಒಂದು ಮಗು ಸ್ವಲ್ಪ ಮುಂಚೆ, ಇನ್ನೊಂದು ಸ್ವಲ್ಪ ತಡ.

ಈಗ ನಮ್ಮ ‘ಅ’ ಅಕ್ಷರವನ್ನು ನೀವೇ ಒಂದು ಸಲ ನಿಧಾನವಾಗಿ ಬರೆದು ನೋಡಿ. ಎಷ್ಟು ಕಡೆ ತಿರುಗಬೇಕು, ಎಲ್ಲಿ ಒಳಗೆ ಹೋಗಬೇಕು, ಎಲ್ಲಿ ಹೊರಗೆ ಬರಬೇಕು! ಸೊನ್ನೆಯನ್ನೇ ಈಗಷ್ಟೇ ಕಲಿತ ಮಗುವಿನ ಕೈಯಲ್ಲಿ ನಾವು ಮೊದಲು ಬರೆಸುವುದು ಇದನ್ನು. ಆಮೇಲೆ ಇ, ಈ. ಋ ಬರುವಷ್ಟರಲ್ಲಿ ಮಗುವಿಗೂ ಸಾಕು, ಅಮ್ಮನಿಗೂ ಸಾಕು.

ನಮ್ಮ ಸರ್ಕಾರಿ ಶಾಲೆಗಳು ಇದಕ್ಕೊಂದು ದಾರಿ ಕಂಡುಕೊಂಡು ಬಹಳ ವರ್ಷವಾಯಿತು. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ಅನ್ನುವ ಕಲಿಕೆಯ ಕ್ರಮದಲ್ಲಿ ಮಕ್ಕಳು ಮೊದಲು ಕಲಿಯುವ ಅಕ್ಷರಗಳು ರ, ಗ, ಸ, ದ, ಅ. ‘ರ’ ಹೆಚ್ಚುಕಡಿಮೆ ಒಂದು ಸೊನ್ನೆ, ಮೇಲೊಂದು ತಲೆಕಟ್ಟು. ‘ಗ’ ಒಂದು ಕಮಾನು, ಅದಕ್ಕೂ ತಲೆಕಟ್ಟು. ನಾವು ಮೊದಲು ಬರೆಸುವ ‘ಅ’ ಅಲ್ಲಿ ಐದನೆಯದು. ಈ ಐದರಲ್ಲೇ ಸರ, ಅರಸ, ದಸರ, ಗರಗಸ ಎಲ್ಲ ಬಂದುಬಿಡುತ್ತವೆ. ಅದೂ ಒಂದನೇ ತರಗತಿಯ ಮಕ್ಕಳಿಗೆ. ಹಾಡಿನ ಹಾಗೆ ಅ ಆ ಇ ಈ ಹೇಳಿಕೊಳ್ಳಲಿ, ಅದಕ್ಕೇನೂ ಅಡ್ಡಿಯಿಲ್ಲ. ಬರೆಯುವುದಕ್ಕೆ ಮಾತ್ರ ಅದೇ ವರಸೆ ಬೇಕಾಗಿಲ್ಲ.

ಹಾಗಾದರೆ ಮೂರರಿಂದ ಐದರವರೆಗೆ ಏನು ಮಾಡಿಸಬೇಕು? ಅಡುಗೆಮನೆಗೆ ಕರೆದುಕೊಂಡು ಹೋಗಿ.

ಅವರೆಕಾಯಿ ಕಾಲದಲ್ಲಿ ಕಾಳು ನೆನೆಸಿ ಹಿದುಕುತ್ತೇವಲ್ಲ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೆಬ್ಬೆರಳು, ತೋರುಬೆರಳ ನಡುವೆ ಕಾಳನ್ನು ಹಿಡಿಯಬೇಕು, ಅಳತೆಯಾಗಿ ಒತ್ತಬೇಕು. ಜಾಸ್ತಿ ಒತ್ತಿದರೆ ಬೇಳೆ ಮುರಿಯುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಮೊದಮೊದಲು ಮಗು ಒತ್ತಿದ ಕಾಳು ಪಟ್ಟಂತ ಹಾರಿ ಫ್ರಿಜ್ ಕೆಳಗೆ ಹೋಗುತ್ತದೆ. ಹೋಗಲಿ ಬಿಡಿ. ಸ್ವಲ್ಪ ಹೊತ್ತಿಗೆ ಬೆರಳಿಗೇ ಅಂದಾಜು ಸಿಗುತ್ತದೆ. ಕೆಲವು ಮಕ್ಕಳು ಎಷ್ಟು ಒತ್ತಿ ಬರೆಯುತ್ತಾರೆ ಅಂದರೆ ಹಾಳೆ ತಿರುಗಿಸಿ ಸವರಿದರೆ ಅಕ್ಷರ ಕೈಗೆ ಸಿಗುತ್ತದೆ, ಪೆನ್ಸಿಲ್ ಮೊನೆ ನಿಮಿಷಕ್ಕೊಂದು ಸಲ ಮುರಿಯುತ್ತದೆ. ಅಂಥ ಮಗುವಿಗೆ ಬೇಕಾಗಿರುವುದು ಈ ಅಂದಾಜೇ.

ರಂಗೋಲಿಯೂ ಅಷ್ಟೇ. ಪುಡಿ ಹಿಡಿಯುವುದು ಯಾವ ಬೆರಳುಗಳಲ್ಲಿ ನೋಡಿ. ಪೆನ್ಸಿಲ್ ಹಿಡಿಯುವ ಬೆರಳುಗಳೇ ಮುಂದಾಗುತ್ತವೆ. ಬಾಗಿಲ ಮುಂದೆ ಒಂದು ಮೂಲೆ ಮಗುವಿಗೆ ಬಿಟ್ಟುಕೊಡಿ, ಚುಕ್ಕಿ ಇಡುತ್ತಾ ಕೂರಲಿ. ಗಂಡುಮಗುವಿಗೂ ಬಿಟ್ಟುಕೊಡಿ. ಅವನೂ ನಾಳೆ ಬರೆಯಬೇಕಲ್ವಾ?

ಚಪಾತಿ ಹಿಟ್ಟು ನಾದಲಿ, ಕರವಸ್ತ್ರ ಹಿಂಡಲಿ, ತನ್ನ ಅಂಗಿ ಗುಂಡಿ ತಾನೇ ಹಾಕಿಕೊಳ್ಳಲಿ. ಬೆಳಿಗ್ಗೆ ಗಡಿಬಿಡಿಯಲ್ಲಿ ಅದು ಆಗದ ಮಾತು, ಭಾನುವಾರ ಮಾಡಿಸಿ. ಮನೆಯಲ್ಲಿ ಅಳಗುಳಿ ಮಣೆ ಇದ್ದರೆ ಇಳಿಸಿ ಧೂಳು ಒರೆಸಿ. ಹುಣಸೆ ಬೀಜಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಒಂದೊಂದನ್ನೇ ಬೆರಳ ತುದಿಗೆ ತಂದು ಗುಳಿಗೆ ಹಾಕಬೇಕು. ದೊಡ್ಡವರಿಗೆ ಇದು ಕೆಲಸವೇ ಅಲ್ಲ, ನಾಲ್ಕು ವರ್ಷದ ಮಗು ಮಾತ್ರ ನಾಲಿಗೆ ಕಚ್ಚಿಕೊಂಡು ಮಾಡುತ್ತದೆ. ಮೂರರ ಕೆಳಗಿನ ಮಕ್ಕಳ ಕೈಗೆ ಕಾಳು, ಬೀಜ ಕೊಡಬೇಡಿ. ಮೂಗಿಗೆ ಹಾಕಿಕೊಳ್ಳುತ್ತಾರೆ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಭುಜ. ಅದಕ್ಕೆ ಗೋಡೆ ಬೇಕು. ಹಳೇ ಕ್ಯಾಲೆಂಡರ್ ಹಾಳೆಯನ್ನು ಹಿಂಬದಿ ಮುಂದಾಗಿ ಗೋಡೆಗೆ ಅಂಟಿಸಿ, ಮಗು ನಿಂತುಕೊಂಡು ಗೀಚಲಿ. ಬಾಡಿಗೆ ಮನೆಯವರು ಹಾಳೆಯ ಸುತ್ತ ಇನ್ನೊಂದೆರಡು ಹಾಳೆ ಅಂಟಿಸುವುದು ಒಳ್ಳೆಯದು! ಕಾಂಪೌಂಡ್ ಗೋಡೆ ಇದ್ದರೆ ಒಂದು ಚೊಂಬು ನೀರು, ಒಂದು ಹಳೇ ಪೇಂಟ್ ಬ್ರಷ್ ಕೊಟ್ಟರೆ ಸಾಕು. ಬಿಸಿಲಿಗೆ ಒಣಗುತ್ತದೆ, ಮತ್ತೆ ಬಳಿಯುತ್ತದೆ.

ಬಳಪ ಕೊಡುವಾಗ ಉದ್ದದ್ದನ್ನು ಮುರಿದು ಕೊಡಿ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ ಇದ್ದರೆ ಸಾಕು. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಆಗುವುದಿಲ್ಲ, ಬೆರಳುಗಳು ತಾವಾಗಿಯೇ ಮುಂದೆ ಬರುತ್ತವೆ. ‘ಹೀಗೆ ಹಿಡಿ, ಹಾಗೆ ಹಿಡಿ’ ಅಂತ ನೂರು ಸಲ ಹೇಳುವುದು ತಪ್ಪುತ್ತದೆ.

ಚುಕ್ಕಿ ಚುಕ್ಕಿ ಇರುವ ಅಕ್ಷರದ ಮೇಲೆ ತಿದ್ದುವ ಪುಸ್ತಕಗಳ ಬಗ್ಗೆ ಜನ ಕೇಳುತ್ತಾರೆ. ನನಗಂತೂ ಅವು ಅಷ್ಟು ಇಷ್ಟವಿಲ್ಲ. ಮಗು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಗೆರೆ ಎಳೆದು ನಿಲ್ಲುತ್ತದೆ, ಮತ್ತೆ ಎಳೆಯುತ್ತದೆ, ಮತ್ತೆ ನಿಲ್ಲುತ್ತದೆ. ಕನ್ನಡದ ಅಕ್ಷರ ದುಂಡಗೆ, ಒಂದೇ ಓಟದಲ್ಲಿ ಬರಬೇಕು. ಆ ಓಟ ಇಲ್ಲಿ ಸಿಗುವುದಿಲ್ಲ. ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳಿನಿಂದ ಬರೆಸುತ್ತೇವೆ. ಫೋಟೋ ತೆಗೆಯುತ್ತೇವೆ. ಮರುದಿನ ತಟ್ಟೆ ಒಳಗೆ ಹೋಗುತ್ತದೆ, ಕಾಪಿ ಪುಸ್ತಕ ಹೊರಗೆ ಬರುತ್ತದೆ. ಆ ತಟ್ಟೆಯನ್ನು ಇನ್ನೊಂದು ವರ್ಷ ಹೊರಗೇ ಇಡಿ. ಅಕ್ಕಿ ಬೇಡವೆಂದರೆ ಚಿರೋಟಿ ರವೆ ಹಾಕಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರಾಯಿತು, ರಬ್ಬರ್ ಬೇಡ.

ಗೀಚಿದ್ದನ್ನು ಮಗು ತಂದು ತೋರಿಸಿದಾಗ ‘ಇದೇನು’ ಅಂತ ಕೇಳುವ ಬದಲು ‘ಇದರ ಕಥೆ ಹೇಳು’ ಅನ್ನಿ. ಅದು ಹೇಳಿದ್ದನ್ನು ಅದರ ಎದುರಿಗೇ ಚಿತ್ರದ ಕೆಳಗೆ ಬರೆಯಿರಿ. ‘ಅಜ್ಜಿ ಬಸ್ಸು ಹತ್ತಿದಳು’ ಅಂತ ತಾನು ಹೇಳಿದ್ದು ಹಾಳೆಯ ಮೇಲೆ ಬಂದು ಕೂತದ್ದನ್ನು ಮಗು ನೋಡಲಿ. ಅಕ್ಷರ ಯಾಕೆ ಬೇಕು ಅನ್ನುವುದು ಅದಕ್ಕೆ ಗೊತ್ತಾಗುವುದು ಆಗ.

ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಡಿ. ಹಾಳೆಯನ್ನು ಸ್ವಲ್ಪ ವಾರೆ ಮಾಡಿ, ಅಂದರೆ ಮೇಲಿನ ಅಂಚು ಬಲಕ್ಕೆ ವಾಲುವ ಹಾಗೆ. ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಲು ಹೇಳಿ, ಬರೆದದ್ದು ಕಾಣುತ್ತದೆ. ಒಂದು ವರ್ಷವೂ ತುಂಬದ ಮಗು ಬರೀ ಒಂದೇ ಕೈ ಬಳಸುತ್ತಿದ್ದರೆ, ಅಥವಾ ಐದು ದಾಟಿದರೂ ಚಮಚ ಹಿಡಿಯಲು, ಗುಂಡಿ ಹಾಕಲು ಒದ್ದಾಡುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬೇಕಾದರೆ ಅವರು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಇಂಥ ದಿನನಿತ್ಯದ ಕೆಲಸಗಳಿಗೆ ಮಗುವನ್ನು ಪಳಗಿಸುವ ತಜ್ಞರ ಹತ್ತಿರ ಕಳಿಸುತ್ತಾರೆ.

‘ಎಲ್‌ಕೆಜಿಯಲ್ಲೇ ಪುಟಗಟ್ಟಲೆ ಹೋಮ್‌ವರ್ಕ್ ಕೊಡ್ತಾರಲ್ಲ ಮೇಡಂ’ ಅನ್ನುತ್ತೀರಿ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿಗೆ ಆಟದ ಮೂಲಕ ಕಲಿಕೆ ಅಂತಲೇ ಹೇಳುತ್ತದೆ. ಧೈರ್ಯವಾಗಿ ಹೋಗಿ ಮಾತಾಡಿ. ಒಂದು ಪುಟದ ಬದಲು ಒಂದು ಸಾಲು ಬರೆಸುತ್ತೇವೆ ಅನ್ನಿ. ಎಷ್ಟೋ ಟೀಚರುಗಳು ಒಪ್ಪುತ್ತಾರೆ. ತಿದ್ದಬೇಕಾದ ಪುಸ್ತಕಗಳ ರಾಶಿ ಅವರ ಮೇಜಿನ ಮೇಲೂ ಇದೆ.

ನಮಸ್ಕಾರ.